ಯುದ್ಧವೂ ರಾಜಧಾನಿಯ ವಿಮಾನನಿಲ್ದಾಣವೂ

೨೦೨೨ನೆಯ ಇಸವಿಯ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಹಿರೇಕೆರೂರಿನ ನಮ್ಮ ಬಿ.ಎ. ತರಗತಿಯಲ್ಲಿ ಪಾಠವು ಎಂದಿನಂತೆ ಸಾಗಲಿಲ್ಲ. ನಮ್ಮ ಹಾವೇರಿ ಜಿಲ್ಲೆಯವನೇ ಆದ, ನೆರೆಯ ತಾಲ್ಲೂಕಿನ ವೈದ್ಯವಿದ್ಯಾರ್ಥಿಯೊಬ್ಬನು ಯುಕ್ರೇನ್ ದೇಶದ ಖಾರ್ಕೀವ್ ನಗರದಲ್ಲಿ ಮಾರ್ಚ್ ೧ರಂದು ಷೆಲ್ ದಾಳಿಗೆ ಬಲಿಯಾದ ವಾರ್ತೆಯು ಆಗ ಊರೂರಿಗೂ ಮುಟ್ಟಿತ್ತು. ನಾನು ಕರ್ನಾಟಕ ಯುದ್ಧಗಳ ವಿಷಯವನ್ನು ಹೇಳುತ್ತಿದ್ದೆನು. ನಡುವೆ ಹಿಂದಿನ ಬೆಂಚಿನಿಂದ ಒಬ್ಬನು ಎದ್ದು, “ಸರ್, ನಮ್ಮ ಸರಕಾರದ ಕಡೆ ವಿಮಾನ ಅದಾವಲ್ರಿ, ಸೀದಾ ಅಲ್ಲಿಗೇ ಹೋಗಿ ಹುಡುಗರನ್ನ ಕರಕೊಂಡು ಬರಾಕ ಏನಾಗಿತ್ತರಿ?” ಎಂದು ಕೇಳಿದನು. ಅಲ್ಲಿ ಯುದ್ಧ ನಡೆದಿದೆ, ವಿಮಾನನಿಲ್ದಾಣ ಮುಚ್ಚಿದೆ ಎಂದು ಉತ್ತರಿಸಿದೆ. ಉತ್ತರವು ತಪ್ಪಾಗಿರಲಿಲ್ಲ, ಆದರೆ ಕೇಳಿದವನಿಗೂ ಹೇಳಿದವನಿಗೂ ಅದರಿಂದ ಸಮಾಧಾನವಾಗಲಿಲ್ಲ. ವಿಮಾನನಿಲ್ದಾಣವು ‘ಮುಚ್ಚುವುದು’ ಎಂದರೇನು, ಅದನ್ನು ಯಾರು ಮುಚ್ಚುತ್ತಾರೆ, ಯಾವಾಗ ಮುಚ್ಚುತ್ತದೆ, ಮುಚ್ಚಿದ ಮೇಲೆ ಒಳಗುಳಿದವರ ಗತಿಯೇನು ಎಂಬ ವಿಷಯಗಳನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ. ಆ ವಿದ್ಯಾರ್ಥಿಗೆ ತಡವಾಗಿ ಬರೆದ ಉತ್ತರವೆಂದು ವಾಚಕರು ಇದನ್ನು ಭಾವಿಸಬಹುದು.

ಮುತ್ತಿಗೆಗೆ ಒಳಗಾದ ರಾಜಧಾನಿಯ ವಿಷಯವು ನಮ್ಮ ಭಾಗದವರಿಗೆ ಅಪರಿಚಿತವಾದುದಲ್ಲ. ಹಾನಗಲ್ಲು ಕದಂಬರ ರಾಜಧಾನಿಯಾಗಿದ್ದ ಕಾಲದಲ್ಲಿ, ಕ್ರಿ.ಶ. ೧೧೯೬ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಆ ಪಟ್ಟಣವನ್ನು ಮುತ್ತಿದನು. ಕದಂಬ ಕಾಮದೇವನ ಸೇನಾನಿ ಸೋಹಣಿಯು ಆ ಕಾಳಗದಲ್ಲಿ ಮಡಿದರೂ ಹೊಯ್ಸಳ ಸೈನ್ಯವು ಆ ಸಲ ಹಿಮ್ಮೆಟ್ಟಬೇಕಾಯಿತು. ಇಂಥ ಮುತ್ತಿಗೆಗಳಲ್ಲಿ ಕೋಟೆಯ ಹೆಬ್ಬಾಗಿಲನ್ನು ಮುಚ್ಚುವುದೆಂದರೆ ಒಳಗಿನವರಿಗೆ ರಕ್ಷಣೆಯನ್ನೊದಗಿಸುವುದು ಎಂದೇ ಅರ್ಥವಾಗಿತ್ತು. ಬಾಗಿಲು ಗಟ್ಟಿಯಾಗಿರುವವರೆಗೆ ಧಾನ್ಯವೂ ನೀರೂ ಇದ್ದರೆ ಜನರು ಬದುಕಿಕೊಳ್ಳುತ್ತಿದ್ದರು. ಆಧುನಿಕ ರಾಜಧಾನಿಯ ಹೆಬ್ಬಾಗಿಲೆಂದು ಅಂತರರಾಷ್ಟ್ರೀಯ ವಿಮಾನನಿಲ್ದಾಣವನ್ನು ಕರೆಯುವುದು ವಾಡಿಕೆ. ಆದರೆ ಹೋಲಿಕೆಯು ಅಲ್ಲಿಗೇ ನಿಲ್ಲುತ್ತದೆ. ಈ ಬಾಗಿಲಿಗೆ ಗೋಡೆಯಿಲ್ಲ. ಇದನ್ನು ಮುಚ್ಚಿದರೆ ಶತ್ರುವಿನ ಕ್ಷಿಪಣಿಯು ಹೊರಗುಳಿಯುವುದಿಲ್ಲ. ಅತಿಥಿಯಾಗಿ ಬಂದವನು ಮಾತ್ರ ಒಳಗುಳಿಯುತ್ತಾನೆ.

ಮುಚ್ಚುವ ಅಧಿಕಾರ ಯಾರದು ಎಂಬುದನ್ನು ಮೊದಲು ನೋಡಬೇಕು. ೧೯೪೪ರ ಡಿಸೆಂಬರ್ ೭ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ಒಡಂಬಡಿಕೆಗೆ ಸಹಿ ಬಿದ್ದಿತು. ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣವೂ ಅನನ್ಯವೂ ಆದ ಸಾರ್ವಭೌಮತ್ವ ಉಂಟೆಂಬುದು ಅದರ ಮೊದಲನೆಯ ವಿಧಿ. ಸಂಕಟಕಾಲದಲ್ಲಿ ತನ್ನ ಆಕಾಶವನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ತಾತ್ಕಾಲಿಕವಾಗಿ ಮುಚ್ಚುವ ಹಕ್ಕನ್ನು ಒಂಬತ್ತನೆಯ ವಿಧಿಯು ಕೊಡುತ್ತದೆ. ಹೀಗೆ ಮುಚ್ಚಿದುದನ್ನು ಲೋಕಕ್ಕೆ ತಿಳಿಸುವ ಸಾಧನವು ಅತ್ಯಂತ ಸರಳವಾದುದು: ವಿಮಾನಚಾಲಕರಿಗಾಗಿ ಹೊರಡಿಸುವ, ‘ನೋಟಾಮ್’ ಎಂದು ಕರೆಯಲ್ಪಡುವ, ಕೆಲವೇ ಸಾಲುಗಳ ಸೂಚನೆ. ಅದು ಹೊರಟ ಕ್ಷಣದಿಂದ, ಓಡುದಾರಿಯಲ್ಲಿ ಒಂದು ಬಿರುಕೂ ಇಲ್ಲದಿದ್ದರೂ, ಆ ನಿಲ್ದಾಣವು ಜಗತ್ತಿನ ಪಾಲಿಗೆ ಇಲ್ಲದಂತೆಯೇ ಆಗುತ್ತದೆ.

ಧೈರ್ಯಶಾಲಿಯಾದ ಚಾಲಕನು ಸೂಚನೆಯನ್ನು ಲೆಕ್ಕಿಸದೆ ಹೋಗಬಾರದೇಕೆ? ಈ ಪ್ರಶ್ನೆಗೆ ಎರಡು ದುರಂತಗಳೇ ಉತ್ತರವಾಗಿವೆ. ೨೦೧೪ರ ಜುಲೈ ೧೭ರಂದು ಪೂರ್ವ ಯುಕ್ರೇನಿನ ಮೇಲೆ ಹಾರುತ್ತಿದ್ದ ಮಲೇಷ್ಯಾದ ಪ್ರಯಾಣಿಕ ವಿಮಾನವೊಂದು ಕ್ಷಿಪಣಿಗೆ ಗುರಿಯಾಗಿ ೨೯೮ ಜನರು ಮಡಿದರು. ಅಂದು ಆ ಪ್ರದೇಶದ ಆಕಾಶವನ್ನು ೩೨,೦೦೦ ಅಡಿಗಳವರೆಗೆ ಮಾತ್ರ ಮುಚ್ಚಲಾಗಿತ್ತು; ವಿಮಾನವು ೩೩,೦೦೦ ಅಡಿಗಳ ಎತ್ತರದಲ್ಲಿ, ಅಂದರೆ ನಿಯಮಕ್ಕನುಸಾರವಾಗಿಯೇ, ಹಾರುತ್ತಿತ್ತು. ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. ೨೦೨೦ರ ಜನವರಿ ೮ರಂದು ಇರಾನು ಇರಾಕಿನಲ್ಲಿದ್ದ ಅಮೆರಿಕದ ನೆಲೆಗಳ ಮೇಲೆ ಕ್ಷಿಪಣಿಗಳನ್ನು ಪ್ರಯೋಗಿಸಿತು; ಆದರೆ ತನ್ನ ರಾಜಧಾನಿಯ ವಿಮಾನನಿಲ್ದಾಣವನ್ನು ಮುಚ್ಚಲಿಲ್ಲ. ಕೆಲವೇ ಗಂಟೆಗಳ ಬಳಿಕ ತೆಹರಾನಿನಿಂದ ಮೇಲೇರಿದ ಯುಕ್ರೇನಿನ ವಿಮಾನವನ್ನು ಇರಾನಿನ ರಕ್ಷಣಾಪಡೆಯೇ ಶತ್ರುವಿನದೆಂದು ಭ್ರಮಿಸಿ ಹೊಡೆದುರುಳಿಸಿತು. ಸತ್ತವರು ೧೭೬ ಮಂದಿ. ಆ ವಿಮಾನವು ಹೊರಟಿದ್ದುದು ಕೀವ್ ನಗರದ ಬೋರಿಸ್ಪಿಲ್ ನಿಲ್ದಾಣಕ್ಕೆ. ಯುದ್ಧಕಾಲದಲ್ಲಿ ನಿಲ್ದಾಣವನ್ನು ಮುಚ್ಚುವುದು ಕ್ರೌರ್ಯವೆಂದು ತೋರಬಹುದು. ತೆರೆದಿಡುವುದು ಅದಕ್ಕಿಂತ ಘೋರವಾದೀತೆಂಬುದನ್ನು ಬೋರಿಸ್ಪಿಲ್ಲಿನವರು ಎರಡು ವರ್ಷಗಳ ಮೊದಲೇ ಅರಿತಿದ್ದರು.

ಇನ್ನೊಂದು ಕಾರಣವೂ ಇದೆ. ಇದನ್ನು ಸೈನಿಕ ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ರಾಜಧಾನಿಯನ್ನು ಬೇಗನೆ ವಶಪಡಿಸಿಕೊಳ್ಳಬಯಸುವ ಸೈನ್ಯಕ್ಕೆ ಓಡುದಾರಿಗಿಂತ ಪ್ರಿಯವಾದ ವಸ್ತು ಮತ್ತೊಂದಿಲ್ಲ. ೧೯೬೮ರ ಆಗಸ್ಟ್ ೨೦-೨೧ರ ರಾತ್ರಿ ಸೋವಿಯೆತ್ ಪಡೆಗಳು ಪ್ರಾಗ್ ನಗರವನ್ನು ಹಿಡಿದುದು ಅದರ ರುಜಿನೆ ವಿಮಾನನಿಲ್ದಾಣದ ಮೂಲಕ. ೧೯೭೧ರ ಡಿಸೆಂಬರಿನಲ್ಲಿ ಭಾರತದ ವಾಯುಪಡೆಯು ಢಾಕಾದ ತೇಜಗಾಂವ್ ಓಡುದಾರಿಯಲ್ಲಿ ಬಾಂಬುಗಳಿಂದ ಗುಂಡಿಗಳನ್ನು ತೋಡಿದ ಕೂಡಲೇ ಅಲ್ಲಿದ್ದ ಪಾಕಿಸ್ತಾನದ ಸೇಬರ್ ವಿಮಾನಗಳು ನೆಲಹಿಡಿದವು. ೨೦೨೨ರ ಫೆಬ್ರವರಿ ೨೪ರಂದು ರಷ್ಯದ ಹೆಲಿಕಾಪ್ಟರುಗಳು ಕೀವ್‌ನ ವಾಯವ್ಯಕ್ಕಿರುವ ಹೊಸ್ತೊಮೆಲ್ ನಿಲ್ದಾಣದ ಮೇಲೆ ಎರಗಿದುದೂ ಇದೇ ಉದ್ದೇಶದಿಂದ: ಓಡುದಾರಿಯನ್ನು ಹಿಡಿದು, ದೊಡ್ಡ ಸಾಗಣೆ ವಿಮಾನಗಳಲ್ಲಿ ಸೈನ್ಯವನ್ನಿಳಿಸಿ, ರಾಜಧಾನಿಗೆ ನುಗ್ಗುವುದು. ಯುಕ್ರೇನಿನವರು ಆ ಓಡುದಾರಿಯನ್ನು ತಾವೇ ಗುಂಡುಹಾರಿಸಿ ಕೆಡಿಸಿದ್ದರಿಂದ ಆ ಯೋಜನೆಯು ಕೈಗೂಡಲಿಲ್ಲ. ಜಗತ್ತಿನ ಅತಿದೊಡ್ಡ ಸರಕುವಿಮಾನವಾಗಿದ್ದ ‘ಮ್ರಿಯಾ’ ಆ ಕಾಳಗದಲ್ಲಿ ಸುಟ್ಟುಹೋಯಿತು. ಹೀಗೆ ತನ್ನ ಹೆಬ್ಬಾಗಿಲನ್ನು ರಾಷ್ಟ್ರವು ತಾನೇ ಒಡೆದುಹಾಕಬೇಕಾದ ಪ್ರಸಂಗವು ಕೋಟೆಗಳ ಯುಗದಲ್ಲಿ ವಿರಳ.

ಇದಿಷ್ಟು ಸಾಮಾನ್ಯ ವಿಚಾರ. ಆದರೆ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಫೆಬ್ರವರಿ ೨೪ರಲ್ಲಿ ಅಲ್ಲ. ಅದಕ್ಕೆ ಹಿಂದಿನ ಹನ್ನೆರಡು ದಿನಗಳಲ್ಲಿ. ಬಾಂಬು ಬಿದ್ದುದರಿಂದ ವಿಮಾನನಿಲ್ದಾಣ ಮುಚ್ಚಿತೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಬಾಂಬಿಗಿಂತ ಮೊದಲೇ, ಸ್ವಲ್ಪ ಸ್ವಲ್ಪವಾಗಿ, ಸದ್ದಿಲ್ಲದೆ ಮುಚ್ಚತೊಡಗಿರುತ್ತದೆ. ಮುಚ್ಚುವವರು ಸೈನಿಕರಲ್ಲ, ವಿಮೆಯ ವ್ಯಾಪಾರಿಗಳು.

ಪ್ರಯಾಣಿಕ ವಿಮಾನವೊಂದರ ಬೆಲೆ ನೂರಾರು ಕೋಟಿ ರೂಪಾಯಿ. ಅನೇಕ ಕಂಪನಿಗಳಲ್ಲಿ ಅದು ಕಂಪನಿಯ ಸ್ವಂತದ್ದೂ ಆಗಿರುವುದಿಲ್ಲ. ಬಾಡಿಗೆಗೆ ಕೊಡುವ ಸಂಸ್ಥೆಗಳಿಂದ ಪಡೆದುದಾಗಿರುತ್ತದೆ. ವಿಮೆಯಿಲ್ಲದೆ ಅದು ನೆಲಬಿಟ್ಟೇಳುವಂತಿಲ್ಲ. ಯುದ್ಧದ ಅಪಾಯವು ಕಂಡೊಡನೆ ವಿಮಾ ಸಂಸ್ಥೆಗಳು ಆ ಪ್ರದೇಶಕ್ಕೆ ತಮ್ಮ ಹೊಣೆಯನ್ನು ಹಿಂತೆಗೆದುಕೊಳ್ಳುತ್ತವೆ. ಯುಕ್ರೇನಿನಲ್ಲಿಯೂ ಹೀಗೆಯೇ ಆಯಿತು. ಫೆಬ್ರವರಿ ೧೨ರಂದು ಹಾಲೆಂಡಿನ ಕೆ.ಎಲ್.ಎಂ. ಕಂಪನಿಯು ಆ ದೇಶಕ್ಕೆ ತನ್ನ ಹಾರಾಟವನ್ನು ನಿಲ್ಲಿಸಿತು. ೨೦೧೪ರ ದುರಂತದಲ್ಲಿ ಅತಿ ಹೆಚ್ಚಿನ ಸಂಖ್ಯೆಯಲ್ಲಿ ಸತ್ತವರು ಆ ದೇಶದವರೇ ಎಂಬುದನ್ನು ಇಲ್ಲಿ ನೆನೆಯಬೇಕು. ಅದೇ ಸುಮಾರಿಗೆ, ಪೋರ್ಚುಗಲ್ಲಿನ ಮಡೀರಾ ದ್ವೀಪದಿಂದ ಕೀವ್‌ಗೆ ಬರುತ್ತಿದ್ದ ಯುಕ್ರೇನಿನದೇ ಆದ ಸ್ಕೈಅಪ್ ಕಂಪನಿಯ ವಿಮಾನವೊಂದು ನೆರೆಯ ಮಾಲ್ಡೋವಾದಲ್ಲಿ ಇಳಿಯಬೇಕಾಯಿತು. ವಿಮಾನದ ಒಡೆತನದ ಸಂಸ್ಥೆಯು ಯುಕ್ರೇನಿನ ಆಕಾಶವನ್ನು ಪ್ರವೇಶಿಸಕೂಡದೆಂದು ನಡುದಾರಿಯಲ್ಲಿಯೇ ತಡೆಯೊಡ್ಡಿತ್ತು. ಯುಕ್ರೇನ್ ಸರಕಾರವು ತನ್ನ ಖಜಾನೆಯಿಂದಲೇ ಭಾರೀ ಮೊತ್ತವನ್ನು ಭದ್ರತೆಯಾಗಿ ತೆಗೆದಿರಿಸಿ ಹಾರಾಟವನ್ನು ಮುಂದುವರಿಸಲು ಯತ್ನಿಸಿತು. ಫೆಬ್ರವರಿ ೨೧ರಿಂದ ಜರ್ಮನಿಯ ಲುಫ್ತಾನ್ಸಾ ಕೂಡ ನಿಂತಿತು. ನಿಲ್ದಾಣದ ದೀಪಗಳು ಉರಿಯುತ್ತಲೇ ಇದ್ದವು. ಫಲಕಗಳಲ್ಲಿ ಊರುಗಳ ಹೆಸರುಗಳು ಮಾತ್ರ ಒಂದೊಂದಾಗಿ ಇಲ್ಲವಾಗುತ್ತಿದ್ದವು.

ಇದೇ ದಿನಗಳಲ್ಲಿ ಯುಕ್ರೇನಿನಲ್ಲಿ ಇಪ್ಪತ್ತು ಸಾವಿರದಷ್ಟು ಭಾರತೀಯರಿದ್ದರು, ಬಹುಪಾಲು ವೈದ್ಯವಿದ್ಯಾರ್ಥಿಗಳು. ಸ್ವದೇಶದಲ್ಲಿ ಸರಕಾರಿ ಸೀಟು ದೊರೆಯದ, ಖಾಸಗಿ ಕಾಲೇಜಿನ ಶುಲ್ಕವನ್ನು ಭರಿಸಲಾರದ ಮಧ್ಯಮವರ್ಗದ ಮಕ್ಕಳೇ ಅವರಲ್ಲಿ ಹೆಚ್ಚು. ಹೊಲವನ್ನೋ ಮನೆಯನ್ನೋ ಒತ್ತೆಯಿಟ್ಟು ಮಗನನ್ನು ಕಳುಹಿಸಿದ ಕುಟುಂಬಗಳು ನಮ್ಮ ತಾಲ್ಲೂಕುಗಳಲ್ಲಿಯೂ ಇವೆ. ಫೆಬ್ರವರಿ ೧೫ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿಯು, ಅಲ್ಲಿರುವುದು ಅನಿವಾರ್ಯವಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವುದನ್ನು ಪರಿಶೀಲಿಸಬಹುದೆಂದು ತಿಳಿಸಿತು. ಈ ‘ಪರಿಶೀಲಿಸಬಹುದು’ ಎಂಬ ಮಾತು ರಾಜತಂತ್ರದಲ್ಲಿ ಗಂಭೀರವಾದ ಎಚ್ಚರಿಕೆಯೇ ಹೌದು; ಹತ್ತೊಂಬತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಅದು ಹಾಗೆ ಕೇಳಿಸುವುದು ಕಷ್ಟ. ಅವನ ಮುಂದಿದ್ದ ಪ್ರಶ್ನೆಗಳು ಬೇರೆ. ತರಗತಿಗಳು ನೇರವಾಗಿ ನಡೆಯುತ್ತಿವೆ. ಹಾಜರಿ ತಪ್ಪಿದರೆ ವರ್ಷವೇ ಹೋದೀತು. ಟಿಕೇಟಿನ ಬೆಲೆ ದಿನೇ ದಿನೇ ಏರುತ್ತಿದೆ. ಯುದ್ಧ ಆಗದೇ ಹೋದರೆ ಆ ಹಣವನ್ನು ತಂದೆಯ ಮುಂದೆ ಯಾವ ಮುಖದಿಂದ ಲೆಕ್ಕ ಹೇಳುವುದು?

ಭಾರತ ಸರಕಾರವು ಫೆಬ್ರವರಿ ೧೭ರಂದು ಎರಡೂ ದೇಶಗಳ ನಡುವಣ ವಿಮಾನಗಳ ಸಂಖ್ಯೆಗೆ ಕೋವಿಡ್ ಕಾಲದಲ್ಲಿ ಹಾಕಿದ್ದ ಮಿತಿಯನ್ನು ತೆಗೆದುಹಾಕಿತು. ಏರ್ ಇಂಡಿಯಾ ೨೨, ೨೪ ಮತ್ತು ೨೬ನೆಯ ತಾರೀಖುಗಳಿಗೆ ಮೂರು ಹಾರಾಟಗಳನ್ನು ಗೊತ್ತುಪಡಿಸಿತು. ೨೦ರಂದು ರಾಯಭಾರ ಕಚೇರಿಯ ಎರಡನೆಯ ಸೂಚನೆ ಹೊರಟಿತು. ೨೨ರಂದು ಬಂದ ಮೂರನೆಯ ಸೂಚನೆಯಲ್ಲಿ, ಆನ್‌ಲೈನ್ ತರಗತಿಗಳ ಬಗ್ಗೆ ವಿಶ್ವವಿದ್ಯಾಲಯಗಳ ಅಧಿಕೃತ ಒಪ್ಪಿಗೆಗಾಗಿ ಕಾಯುತ್ತ ಕೂಡಬೇಡಿ ಎಂದು ಸ್ಪಷ್ಟವಾಗಿಯೇ ಹೇಳಲಾಗಿತ್ತು. ಅದೇ ದಿನ ಮೊದಲನೆಯ ವಿಮಾನವು ಸುಮಾರು ೨೪೦ ಜನರನ್ನು ಬೋರಿಸ್ಪಿಲ್ಲಿನಿಂದ ದೆಹಲಿಗೆ ತಂದಿತು. ಇಪ್ಪತ್ತು ಸಾವಿರದಲ್ಲಿ ಇನ್ನೂರನಲವತ್ತು. ಇತರ ಕಂಪನಿಗಳ ವಿಮಾನಗಳಲ್ಲಿಯೂ ಹಲವರು ಹೊರಬಂದರೆಂಬುದು ನಿಜ. ಆದರೆ ವಿಮಾನನಿಲ್ದಾಣದ ಸಾಮರ್ಥ್ಯಕ್ಕೂ ಹೊರಡಬೇಕಾದವರ ಸಂಖ್ಯೆಗೂ ನಡುವಿನ ಅಂತರವನ್ನು ಈ ಎರಡು ಅಂಕಿಗಳು ತೋರಿಸುತ್ತವೆ. ಎಲ್ಲರೂ ೧೫ರಂದೇ ಎಚ್ಚೆತ್ತಿದ್ದರೂ ಎಲ್ಲರಿಗೂ ಆಸನಗಳು ಸಿಗುತ್ತಿದ್ದುವೆಂದು ನಾನು ನಂಬಲಾರೆ. ಆದ್ದರಿಂದ ಉಳಿದವರ ಮೇಲೆಯೇ ತಪ್ಪನ್ನು ಹೊರಿಸುವ ಮಾತು, ಆಗ ಕೆಲವರ ಬಾಯಲ್ಲಿ ಕೇಳಿಬಂದದ್ದು, ವಿಚಾರಪೂರ್ವಕವಾದುದಲ್ಲ.

೨೪ರ ಬೆಳಗಿನ ಏಳೂವರೆ ಗಂಟೆಯ ಹೊತ್ತಿಗೆ ಏರ್ ಇಂಡಿಯಾದ ೧೯೪೭ ಎಂಬ ಸಂಖ್ಯೆಯ ವಿಮಾನವು ದೆಹಲಿಯಿಂದ ಕೀವ್‌ಗೆ ಹೊರಟಿತು. ಅದು ಇರಾನಿನ ಆಕಾಶದಲ್ಲಿದ್ದಾಗ ಯುಕ್ರೇನಿನ ಸೂಚನೆ ತಲಪಿತು. ನಾಗರಿಕ ವಿಮಾನಗಳಿಗೆ ದೇಶದ ಸಮಸ್ತ ಆಕಾಶವೂ ಮುಚ್ಚಿತ್ತು. ವಿಮಾನವು ಹಿಂದಿರುಗಿ ದೆಹಲಿಯಲ್ಲಿಳಿಯಿತು. ಅದನ್ನೇರಲೆಂದು ಹೊರಟಿದ್ದ ವಿದ್ಯಾರ್ಥಿಗಳು ಕೀವ್‌ನಲ್ಲಿ ಪೆಟ್ಟಿಗೆಗಳೊಡನೆ ಉಳಿದರು. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ನೇರವಾದ ಉತ್ತರವಿದು: ವಿಮಾನವನ್ನು ಕಳುಹಿಸಲಾಗಿತ್ತು, ನಡುದಾರಿಯಲ್ಲಿ ಬಾಗಿಲು ಹಾಕಿತು.

ಇನ್ನು ಒಳಗುಳಿದವರ ವಿಷಯ. ವಿಮಾನದಲ್ಲಿ ಪ್ರಯಾಣ ಮಾಡುವವನಿಗೆ ಭೂಗೋಳದ ಅರಿವು ಬೇಕಾಗುವುದಿಲ್ಲ. ದೆಹಲಿಯಿಂದ ಕೀವ್‌ಗೆ ಏಳೆಂಟು ಗಂಟೆಗಳ ಹಾದಿ. ನಡುವೆ ಯಾವ ದೇಶಗಳಿವೆ, ಯಾವ ನದಿಗಳಿವೆ ಎಂಬುದು ಅವನಿಗೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ನಿಲ್ದಾಣವು ಮುಚ್ಚಿದೊಡನೆ ಹಳೆಯ ಭೂಗೋಳವೆಲ್ಲ ಒಮ್ಮೆಗೇ ಮರಳಿ ಬರುತ್ತದೆ. ಖಾರ್ಕೀವ್ ನಗರವು ರಷ್ಯದ ಗಡಿಯಿಂದ ನಲವತ್ತು ಕಿಲೋಮೀಟರುಗಳೊಳಗಿದೆ. ಆದರೆ ಆ ಗಡಿಯಿಂದಲೇ ಸೈನ್ಯ ಬರುತ್ತಿತ್ತು. ಕೀವ್ ಅಲ್ಲಿಂದ ಸುಮಾರು ೪೮೦ ಕಿಲೋಮೀಟರು. ಪೋಲೆಂಡಿನ ಸಮೀಪದ ಲ್ವೀವ್ ನಗರವನ್ನು ಮುಟ್ಟಬೇಕಾದರೆ ಸಾವಿರ ಕಿಲೋಮೀಟರುಗಳಷ್ಟು ರೈಲುಪ್ರಯಾಣ. ಅಲ್ಲಿಂದ ಮುಂದೆ ಪೋಲೆಂಡಿನ ಮೆದಿಕಾ, ರುಮಾನಿಯದ ಸಿರೆತ್, ಹಂಗೇರಿಯ ಜಾಹೊನ್ ಮುಂತಾದ, ಅದುವರೆಗೆ ನಮ್ಮ ಹಳ್ಳಿಗಳಲ್ಲಿ ಯಾರೂ ಕೇಳರಿಯದ ಗಡಿಯೂರುಗಳ ಹೆಸರುಗಳು ಮನೆಮಾತಾದವು. ರೈಲುಮಾರ್ಗವೂ ಇಲ್ಲದ ಹಿರೇಕೆರೂರಿನಲ್ಲಿ ಕುಳಿತ ತಂದೆ-ತಾಯಿಗಳು ಮೊಬೈಲಿನ ನಕ್ಷೆಯಲ್ಲಿ ಪೂರ್ವ ಯುರೋಪಿನ ರೈಲುಹಾದಿಗಳನ್ನು ಬೆರಳಿಟ್ಟು ತೋರಿಸುವುದನ್ನು ನಾನೇ ಕಂಡಿದ್ದೇನೆ.

ಆಪರೇಷನ್ ಗಂಗಾ ಎಂಬ ಹೆಸರಿನಲ್ಲಿ ನಡೆದ ಸ್ವದೇಶಕ್ಕೆ ಕರೆತರುವ ಕಾರ್ಯವು ಈ ನೆರೆದೇಶಗಳ ವಿಮಾನನಿಲ್ದಾಣಗಳಿಂದಲೇ ನಡೆಯಿತು. ಮೊದಲ ವಿಮಾನವು ಫೆಬ್ರವರಿ ೨೬ರಂದು ೨೧೯ ಜನರೊಡನೆ ಬುಖಾರೆಸ್ಟಿನಿಂದ ಮುಂಬಯಿಗೆ ಬಂದಿತು. ಒಟ್ಟು ೯೦ ಹಾರಾಟಗಳು; ಅವುಗಳಲ್ಲಿ ೧೪ ವಾಯುಪಡೆಯವು. ಆ ಫೆಬ್ರವರಿ ತಿಂಗಳಿನಿಂದ ಮರಳಿದ ಭಾರತೀಯರ ಸಂಖ್ಯೆ ಸುಮಾರು ೨೨,೫೦೦ ಎಂದು ಸರಕಾರವು ಲೋಕಸಭೆಯ ಮುಂದೆ ಮಾರ್ಚ್ ಮಧ್ಯದಲ್ಲಿ ಹೇಳಿತು. ಇದು ಸಾಧಾರಣವಾದ ಕೆಲಸವಲ್ಲ. ಆದರೆ ಈ ಕಾರ್ಯಾಚರಣೆಯ ಒಂದು ಮಿತಿಯನ್ನು ಇತಿಹಾಸಕಾರನು ಮರೆಯುವಂತಿಲ್ಲ: ಅದು ಗಡಿಯನ್ನು ಮುಟ್ಟಿದವನಿಗೆ ಮಾತ್ರ ನೆರವಾಗಬಲ್ಲುದಾಗಿತ್ತು. ಗಡಿಯವರೆಗಿನ ಹಾದಿಯನ್ನು ಅವನೇ ಸವೆಸಬೇಕು. ಪಶ್ಚಿಮ ಯುಕ್ರೇನಿನಲ್ಲಿ ಓದುತ್ತಿದ್ದವನಿಗೆ ಅದು ಒಂದು ದಿನದ ಹಾದಿ. ಖಾರ್ಕೀವ್‌ನವನಿಗೆ ನೆಲಮಾಳಿಗೆಯಿಂದ ಹೊರಗೆ ಬರುವುದೇ ಹಾದಿಯ ಅತಿ ದುರ್ಗಮವಾದ ಭಾಗವಾಗಿತ್ತು.

ನಮ್ಮ ಜಿಲ್ಲೆಯ ವಿದ್ಯಾರ್ಥಿಯು ಮಾರ್ಚ್ ೧ರ ಬೆಳಿಗ್ಗೆ ಆಹಾರವನ್ನು ತರಲೆಂದು ಹೋಗಿದ್ದಾಗ ಮೃತನಾದನು. ಮರುದಿನ ಮಧ್ಯಾಹ್ನ ರಾಯಭಾರ ಕಚೇರಿಯು ಖಾರ್ಕೀವ್‌ನಲ್ಲಿದ್ದ ಎಲ್ಲ ಭಾರತೀಯರೂ ಅಂದೇ ಸಂಜೆ ಆರು ಗಂಟೆಯೊಳಗಾಗಿ ನಗರವನ್ನು ಬಿಡಬೇಕೆಂದೂ, ವಾಹನ ದೊರೆಯದವರು ಕಾಲ್ನಡಿಗೆಯಲ್ಲಿಯೇ ಪೆಸೋಚಿನ್, ಬಾಬಾಯೆ, ಬೆಜ್ಲ್ಯುದೋವ್ಕಾ ಎಂಬ ಊರುಗಳನ್ನು ಸೇರಬೇಕೆಂದೂ ಆದೇಶಿಸಿತು. ಅವು ಕ್ರಮವಾಗಿ ೧೧, ೧೨ ಮತ್ತು ೧೬ ಕಿಲೋಮೀಟರುಗಳ ದೂರದಲ್ಲಿವೆ. ಇಪ್ಪತ್ತೊಂದನೆಯ ಶತಮಾನದ ಸರಕಾರವೊಂದು ತನ್ನ ಪ್ರಜೆಗಳಿಗೆ ಊರಿನ ಹೆಸರನ್ನೂ ಹರದಾರಿಯ ಲೆಕ್ಕವನ್ನೂ ಕೊಟ್ಟು ‘ನಡೆದು ಹೋಗಿ’ ಎಂದು ಹೇಳಬೇಕಾದ ಆ ಪ್ರಕಟಣೆಯು ಒಂದು ಅಪೂರ್ವವಾದ ದಾಖಲೆ. ಈಶಾನ್ಯದ ಸೂಮಿ ನಗರದಲ್ಲಿ ಸಿಕ್ಕಿಬಿದ್ದಿದ್ದ ಸುಮಾರು ೭೦೦ ವಿದ್ಯಾರ್ಥಿಗಳು ಮಾರ್ಚ್ ೮ರವರೆಗೂ ಹೊರಬರಲಾಗಲಿಲ್ಲ.

ಈ ಪರಿಸ್ಥಿತಿಯು ಭಾರತಕ್ಕೆ ಹೊಸದೇನೂ ಅಲ್ಲ. ೧೯೯೦ರ ಆಗಸ್ಟ್ ೨ರಂದು ಇರಾಕು ಕುವೈತನ್ನು ಆಕ್ರಮಿಸಿದ ಬೆಳಗಿನ ಜಾವದಲ್ಲಿಯೇ ಲಂಡನ್ನಿನಿಂದ ಮದರಾಸಿನ ಮಾರ್ಗವಾಗಿ ಕ್ವಾಲಾಲಂಪುರಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಕುವೈತ್ ನಿಲ್ದಾಣದಲ್ಲಿಳಿದು ಸೆರೆಸಿಕ್ಕಿತು. ಆಗ ಅಲ್ಲಿದ್ದ ಭಾರತೀಯರು ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ. ನಮ್ಮ ಕರಾವಳಿಯ ಕುಟುಂಬಗಳೂ ಅವರಲ್ಲಿ ಸೇರಿದ್ದವು. ಮರುಭೂಮಿಯನ್ನು ಬಸ್ಸುಗಳಲ್ಲಿ ದಾಟಿ, ಬಾಗ್ದಾದಿನ ಮೂಲಕ ಜೋರ್ಡಾನಿನ ಅಮ್ಮಾನ್ ನಗರವನ್ನು ಮುಟ್ಟಿದ ಮೇಲೆಯೇ ಅವರಿಗೆ ವಿಮಾನ ದೊರೆತುದು. ಏರ್ ಇಂಡಿಯಾ ೪೮೮ ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಅಂದು ಅಮ್ಮಾನ್ ವಹಿಸಿದ ಪಾತ್ರವನ್ನೇ ೨೦೨೨ರಲ್ಲಿ ಬುಖಾರೆಸ್ಟು, ಬುಡಾಪೆಸ್ಟು ಮತ್ತು ಪೋಲೆಂಡಿನ ರ್ಜೆಶೋವ್ ನಗರಗಳು ವಹಿಸಿದವು.

ಕೀವ್ ನಿಲ್ದಾಣಕ್ಕೆ ಹನ್ನೆರಡು ದಿನಗಳ ಮುನ್ನೆಚ್ಚರಿಕೆಯಾದರೂ ಇತ್ತು. ಸೂಡಾನಿನ ರಾಜಧಾನಿ ಖಾರ್ಟೂಮಿಗೆ ಅದೂ ಇರಲಿಲ್ಲ. ೨೦೨೩ರ ಏಪ್ರಿಲ್ ೧೫ರಂದು ಆ ದೇಶದ ಸೈನ್ಯಕ್ಕೂ ಕ್ಷಿಪ್ರ ಬೆಂಬಲ ಪಡೆಗೂ ನಡುವೆ ಕಾಳಗವು ಒಮ್ಮೆಲೇ ಭುಗಿಲೆದ್ದಿತು. ಮೊದಲ ಗಂಟೆಗಳಲ್ಲಿಯೇ ವಿಮಾನನಿಲ್ದಾಣವು ರಣರಂಗವಾಯಿತು. ಬೋರಿಸ್ಪಿಲ್ ಕೀವ್‌ನಿಂದ ಮೂವತ್ತು ಕಿಲೋಮೀಟರುಗಳಷ್ಟು ದೂರದಲ್ಲಿದೆ. ಖಾರ್ಟೂಮಿನ ನಿಲ್ದಾಣವಾದರೋ ನಗರದ ನಟ್ಟನಡುವೆ, ಸೈನ್ಯದ ಪ್ರಧಾನ ಕಚೇರಿಗೆ ಒತ್ತಿಕೊಂಡಂತಿದೆ. ರಿಯಾದಿಗೆ ಹೊರಡಲು ಸಿದ್ಧವಾಗಿದ್ದ ಸೌದಿ ಅರೇಬಿಯದ ವಿಮಾನವೊಂದು ಪ್ರಯಾಣಿಕರಿದ್ದಾಗಲೇ ಗುಂಡೇಟಿಗೆ ಗುರಿಯಾಯಿತು. ಅಂದು ಅಲ್ಲಿ ಸುಟ್ಟುಹೋದ ವಿಮಾನಗಳಲ್ಲಿ ಒಂದು, ಮೇಲೆ ಹೇಳಿದ ಯುಕ್ರೇನಿನ ಸ್ಕೈಅಪ್ ಕಂಪನಿಯದು. ಸ್ವದೇಶದಲ್ಲಿ ಹಾರಲು ಆಕಾಶವಿಲ್ಲದ ಕಂಪನಿಯು ಪರದೇಶದಲ್ಲಿ ದುಡಿಸುತ್ತಿದ್ದ ವಿಮಾನಕ್ಕೆ ಅಲ್ಲಿಯೂ ಯುದ್ಧ ತಪ್ಪಲಿಲ್ಲ.

ಈ ಯುದ್ಧದಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಗಳ ಈ ಜನರು ಮನೆಯಲ್ಲಿ ವಾಗ್ರಿ ಮಾತಾಡುತ್ತಾರೆ. ಹಿಂದೆ ಹಕ್ಕಿಗಳನ್ನು ಹಿಡಿಯುವುದು ಅವರ ಕಸುಬಾಗಿತ್ತು. ಬೇಟೆಯನ್ನು ನಿಷೇಧಿಸಿದ ಮೇಲೆ ಗಿಡಮೂಲಿಕೆಗಳ ಎಣ್ಣೆಯನ್ನು ಕಾಯಿಸಿ ಮಾರುವ ವೃತ್ತಿಯು ಬೆಳೆಯಿತು. ಆ ಎಣ್ಣೆಗೆ ಆಫ್ರಿಕದ ದೇಶಗಳಲ್ಲಿ ಒಳ್ಳೆಯ ಗಿರಾಕಿ. ಹೀಗೆ ಸೂಡಾನಿನ ಪಶ್ಚಿಮಕ್ಕೆ, ಡಾರ್‌ಫುರ್ ಪ್ರಾಂತದ ಅಲ್ ಫಾಷಿರ್ ಪಟ್ಟಣಕ್ಕೆ ಹೋಗಿದ್ದ ಮೂವತ್ತೊಂದು ಜನರ ಸುದ್ದಿಯು ಏಪ್ರಿಲ್ ೧೮ರ ಹೊತ್ತಿಗೆ ಬೆಂಗಳೂರಿನ ಪತ್ರಿಕೆಗಳಲ್ಲಿ ಬಂದಿತು. ಅದು ವಿಧಾನಸಭೆಯ ಚುನಾವಣೆಯ ಕಾಲವಾದುದರಿಂದ ಸುದ್ದಿಯ ಸುತ್ತ ವಾಗ್ವಾದವೂ ನಡೆಯಿತು, ಅದನ್ನಿಲ್ಲಿ ಬಿಡಬಹುದು. ನಮಗೆ ಮುಖ್ಯವಾದುದು ಅವರ ಸ್ಥಳ. ಖಾರ್ಟೂಮಿನ ನಿಲ್ದಾಣವು ಮುಚ್ಚಿದಾಗ ಅವರು ಅಲ್ಲಿಂದ ಸುಮಾರು ಎಂಟುನೂರು ಕಿಲೋಮೀಟರು ಪಶ್ಚಿಮಕ್ಕಿದ್ದರು. ಸಮುದ್ರದ ದಾರಿಯಾದ ಪೋರ್ಟ್ ಸೂಡಾನ್ ಬಂದರವು ಖಾರ್ಟೂಮಿನ ಆಚೆಗೆ, ಈಶಾನ್ಯದಲ್ಲಿ, ಇನ್ನೂ ಅಷ್ಟೇ ದೂರ. ಕೈಯಲ್ಲಿದ್ದುದು ಮಾರದೆ ಉಳಿದ ಎಣ್ಣೆ. ಊಟವೂ ಕುಡಿಯುವ ನೀರೂ ಸಾಲದೆಂದು ಅವರು ಊರಿಗೆ ಮೊಬೈಲಿನಲ್ಲಿ ತಿಳಿಸುತ್ತಿದ್ದರು.

ಭಾರತ ಸರಕಾರವು ಏಪ್ರಿಲ್ ೨೪ರಂದು ಘೋಷಿಸಿದ ಕಾರ್ಯಾಚರಣೆಗೆ ‘ಕಾವೇರಿ’ ಎಂದು ಹೆಸರು. ಇಲ್ಲಿ ಮುಚ್ಚಿದ ವಿಮಾನನಿಲ್ದಾಣಕ್ಕೆ ಬದಲಾಗಿ ಬಂದುದು ಹಡಗು. ಏಪ್ರಿಲ್ ೨೫ರಂದು ನೌಕಾಪಡೆಯ ‘ಸುಮೇಧಾ’ ಹಡಗು ೨೭೮ ಜನರ ಮೊದಲ ತಂಡವನ್ನು ಪೋರ್ಟ್ ಸೂ­ಡಾನಿನಿಂದ ಕೆಂಪುಸಮುದ್ರದ ಮೇಲೆ ಜೆಡ್ಡಾಕ್ಕೆ ಸಾಗಿಸಿತು, ಅಲ್ಲಿಂದ ವಿಮಾನ. ಬಂದರನ್ನು ಮುಟ್ಟಲಾರದ ೧೨೧ ಮಂದಿಗಾಗಿ ವಾಯುಪಡೆಯ ಸಿ-೧೩೦ ವಿಮಾನವೊಂದು ಏಪ್ರಿಲ್ ೨೭-೨೮ರ ರಾತ್ರಿ ಖಾರ್ಟೂಮಿನ ಉತ್ತರಕ್ಕೆ ಸುಮಾರು ೪೦ ಕಿಲೋಮೀಟರು ದೂರದ ವಾದಿ ಸೈಯಿದ್ನಾ ಎಂಬ ಬಯಲುದಾರಿಯಲ್ಲಿ ಇಳಿಯಿತು. ಅಲ್ಲಿ ದಾರಿ ತೋರುವ ಉಪಕರಣವಿಲ್ಲ, ಇಂಧನವಿಲ್ಲ, ಇಳಿದಾಣಕ್ಕೆ ದೀಪಗಳೂ ಇಲ್ಲ. ಚಾಲಕರು ಕತ್ತಲೆಯಲ್ಲಿ ಕಾಣುವ ಕನ್ನಡಕಗಳನ್ನು ಧರಿಸಿ ಇಳಿಸಿದರು. ಸಾಮಾನ್ಯ ವಿಮಾನನಿಲ್ದಾಣವೊಂದು ಪ್ರತಿದಿನ ಸದ್ದಿಲ್ಲದೆ ಒದಗಿಸುವ ಸೌಕರ್ಯಗಳೇನೆಂಬುದು ಈ ಒಂದು ರಾತ್ರಿಯ ವರದಿಯನ್ನು ಓದಿದರೆ ಚೆನ್ನಾಗಿ ಅರ್ಥವಾಗುತ್ತದೆ. ಮೇ ೫ರ ಹೊತ್ತಿಗೆ ಒಟ್ಟು ೩,೮೬೨ ಜನರು ಸೂಡಾನಿನಿಂದ ಹೊರಬಂದಿದ್ದರು. ಹಕ್ಕಿಪಿಕ್ಕಿಗಳೂ ತಂಡತಂಡವಾಗಿ ಬೆಂಗಳೂರನ್ನು ಸೇರಿದರು.

೨೦೨೫ರ ಜೂನ್ ೧೩ರಂದು ಇಸ್ರೇಲಿನ ದಾಳಿಯ ಬಳಿಕ ತೆಹರಾನಿನ ಆಕಾಶವು ಮುಚ್ಚಿದಾಗ ಇದೇ ಕಥೆ ಪುನರಾವರ್ತನೆಯಾಯಿತು. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮನೆಗಳಲ್ಲಿ, ಓದಲೆಂದು ಇರಾನಿಗೆ ಹೋದ ಮಕ್ಕಳಿಗಾಗಿ ಜನರು ರಾತ್ರಿಗಳನ್ನು ಕಳೆದರು. ಭಾರತದ ವಿದ್ಯಾರ್ಥಿಗಳ ಮೊದಲ ತಂಡವು ಭೂಮಾರ್ಗದಿಂದ ಆರ್ಮೇನಿಯವನ್ನು ಸೇರಿ, ಅಲ್ಲಿಂದ ದೆಹಲಿಗೆ ಬಂದಿತು. ಆದರೆ ಈ ಸಲ ಕೆಲವು ದಿನಗಳ ತರುವಾಯ ಇರಾನು ತನ್ನ ಮುಚ್ಚಿದ ಆಕಾಶವನ್ನು ಭಾರತದ ವಿಮಾನಗಳಿಗಾಗಿಯೇ ಮಷ್ಹದ್ ನಗರದಲ್ಲಿ ತೆರೆದುಕೊಟ್ಟಿತು. ಮುಚ್ಚುವ ಹಕ್ಕಿನಷ್ಟೇ ತೆರೆಯುವ ಹಕ್ಕೂ ರಾಷ್ಟ್ರದ ಕೈಯಲ್ಲಿದೆಯೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಖಾರ್ಟೂಮಿನ ನಿಲ್ದಾಣವನ್ನು ಸೂಡಾನಿನ ಸೈನ್ಯವು ೨೦೨೫ರ ಮಾರ್ಚಿನಲ್ಲಿ ಮರಳಿ ಹಿಡಿಯಿತು. ನಾಗರಿಕ ವಿಮಾನವೊಂದು ಅಲ್ಲಿಳಿದುದು ಅದೇ ವರ್ಷದ ಅಕ್ಟೋಬರಿನಲ್ಲಿ, ಎರಡೂವರೆ ವರ್ಷಗಳ ಮೇಲೆ. ಬೋರಿಸ್ಪಿಲ್ ೨೦೨೪ರ ಕೊನೆಯವರೆಗೂ ತೆರೆದಿರಲಿಲ್ಲ. ೨೦೨೨ರ ಮಾರ್ಚ್ ೨೧ರ ನಸುಕಿನಲ್ಲಿ ನಮ್ಮ ಜಿಲ್ಲೆಯ ವಿದ್ಯಾರ್ಥಿಯ ಕಳೇಬರವು ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣಕ್ಕೆ ಬಂದಾಗ, ಆಗಿನ ಮುಖ್ಯಮಂತ್ರಿಗಳೂ ಶಿಗ್ಗಾಂವಿಯ ಶಾಸಕರೂ ಆಗಿದ್ದ ಬಸವರಾಜ ಬೊಮ್ಮಾಯಿಯವರು ಅಲ್ಲಿದ್ದು ಅಂತಿಮ ನಮನ ಸಲ್ಲಿಸಿದರು. ಮೃತ್ಯುವಿನಿಂದ ಆ ನಸುಕಿನವರೆಗೆ ಇಪ್ಪತ್ತು ದಿನಗಳು ಸಂದಿದ್ದವು.

ಕೊನೆಯಲ್ಲಿ ಇತಿಹಾಸ ವಿಭಾಗಗಳ ಗಮನಕ್ಕೆ ಒಂದು ವಿಷಯವನ್ನು ತರಬಯಸುತ್ತೇನೆ. ರಾಯಭಾರ ಕಚೇರಿಗಳ ಪ್ರಕಟಣೆಗಳೂ ಹಾರಾಟಗಳ ಲೆಕ್ಕವೂ ಸರಕಾರದ ಕಡತಗಳಲ್ಲಿ ಉಳಿಯುತ್ತವೆ. ಉಳಿಯದೆ ಹೋಗಬಹುದಾದವು ಬೇರೆ: ರದ್ದಾದ ಟಿಕೇಟುಗಳು, ನೆಲಮಾಳಿಗೆಯಿಂದ ಮನೆಗೆ ಕಳುಹಿಸಿದ ಧ್ವನಿಸಂದೇಶಗಳು, ಗಡಿಯಲ್ಲಿ ಮುದ್ರೆಯೊತ್ತಿದ ಪಾಸ್‌ಪೋರ್ಟಿನ ಪುಟಗಳು, ಸಾಲ ಮಾಡಿ ಕಳುಹಿಸಿದ ತಂದೆಯ ಮಾತುಗಳು. ಹಾವೇರಿ ಜಿಲ್ಲೆಯಲ್ಲಿಯೇ ಯುಕ್ರೇನಿನಿಂದ ಮರಳಿದ ಹಲವು ವಿದ್ಯಾರ್ಥಿಗಳಿದ್ದಾರೆ. ಕೆಲವರು ಓದನ್ನು ಬೇರೆ ದೇಶಗಳಲ್ಲಿ ಮುಗಿಸಿದ್ದಾರೆ, ಕೆಲವರು ಮುಗಿಸಿಲ್ಲ. ಹುಣಸೂರು, ಚನ್ನಗಿರಿಗಳ ಹಕ್ಕಿಪಿಕ್ಕಿ ಕೇರಿಗಳಲ್ಲಿ ಸೂಡಾನಿನ ಹಾದಿಯನ್ನು ನೆನಪಿನಿಂದಲೇ ಹೇಳಬಲ್ಲವರಿದ್ದಾರೆ. ಅವರ ಹೇಳಿಕೆಗಳನ್ನು ವಾಗ್ರಿ ಬಲ್ಲವರ ನೆರವಿನಿಂದ ಬರೆದುಕೊಳ್ಳಬೇಕಾದೀತು. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಕಿರುಪ್ರಬಂಧಗಳಿಗೆ ಈ ವಿಷಯವನ್ನು ಆರಿಸಿಕೊಂಡಲ್ಲಿ ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ, ಸವಣೂರು ತಾಲ್ಲೂಕುಗಳಲ್ಲಿ ಅಂಥ ಕುಟುಂಬಗಳನ್ನು ಅವರಿಗೆ ಪರಿಚಯಿಸಿಕೊಡಲು ನಾನು ಸಿದ್ಧನಿದ್ದೇನೆ.